ಬೆಲ್ಲ ಹೋಗಿ ಮೊಸಳೆ ಬಂತು

ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತೂವರೆಯವರೆಗೆ ನನ್ನ ಎರಡು ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂಬುದು ಒಂದು ತಿಂಗಳಿಂದ ನನಗೆ ತಿಳಿಯದಾಗಿದೆ. ಜೇಬಿನಲ್ಲಿಟ್ಟರೆ ಬೆಲ್ಲದ ಚೂರು ತಗಲುತ್ತದೆ. ಬೆನ್ನ ಹಿಂದೆ ಕಟ್ಟಿಕೊಂಡರೆ ಹಳೆಯ ಮಾಸ್ತರಿಕೆ ಮೈಮೇಲೆ ಬಂದು, ದಾರಿಯಲ್ಲಿ ಹೋಗುವ ಯಾರದೋ ಮಕ್ಕಳು ವಿನಾಕಾರಣ ತಲೆ ತಗ್ಗಿಸಿ ಸರಿದುಹೋಗುತ್ತಾರೆ. ಎದೆಯ ಮೇಲೆ ಕಟ್ಟಿಕೊಂಡರೆ ಯಾರ ಮೇಲೋ ಸಿಟ್ಟಾದಂತೆ ಕಾಣುತ್ತದೆ. ಸಿಟ್ಟಾಗೋಣವೆಂದರೆ ಯಾರ ಮೇಲೆ ಆಗಬೇಕೆಂಬುದೂ ಗೊತ್ತಾಗುತ್ತಿಲ್ಲ.

ಮೊದಲು ನನ್ನ ಕೆಲಸವನ್ನು ಹೇಳಿಬಿಡುತ್ತೇನೆ, ನೀವು ನಗಬಾರದು. ಮಹಾರಾಷ್ಟ್ರದ ಗಡಿಯ ಮಿರಜದ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದ ಮೇಲೆ, ಸಾಂಗಲಿ-ಮಿರಜ ರಸ್ತೆಯ ಪಕ್ಕದ ಒಂದು ಪಾರ್ಕಿನ ಬಾಗಿಲಲ್ಲಿ ನಿಂತು, ಬಂದವರಿಗೆ ‘ಬರ್ರಿ’ ಎನ್ನುವ ಕೆಲಸಕ್ಕೆ ಸೇರಿದೆ. ಪಾರ್ಕೆಂದರೆ ಬೇವಿನ ಮರದ ಕೆಳಗೆ ಕಲ್ಲುಬೆಂಚು ಹಾಕಿದ ಪಾರ್ಕಲ್ಲ. ನೀರಿನ ಜಾರುಬಂಡೆ, ಗರಗರ ತಿರುಗುವ ಬಟ್ಟಲು, ಬೆಳಿಗ್ಗೆ ತಿಂದ ಖಾರದ ಚುರಮುರಿ ಭಡಂಗವನ್ನು ಬಾಯಿಗೆ ತರುವಂತೆ ತೂಗುವ ಹಡಗು, ಹೀಗೆ ರೊಕ್ಕ ಕೊಟ್ಟು ಹೆದರಿಕೊಳ್ಳುವ ಪಾರ್ಕು. ಇದರ ಮಾಲೀಕ ಜಿನಗೌಡ ಬೇಡಗ ಊರಿನವನು, ನನ್ನ ಹಳೆಯ ವಿದ್ಯಾರ್ಥಿ. ದ್ರಾಕ್ಷಿಯಲ್ಲಿ ಗಳಿಸಿದ್ದನ್ನು ನೀರಿಗೆ ಹಾಕಿದ್ದಾನೆಂದು ಊರವರು ಹೇಳುತ್ತಾರೆ. ಇದಂತೂ ಅಕ್ಷರಶಃ ನಿಜ.

ಮೂರು ವರ್ಷದ ಹಿಂದೆ ಅವನು ಮನೆಗೆ ಬಂದು, “ಸರ, ಮನಿ ಅಂದ ಮ್ಯಾಲ ಬಾಗಲದಾಗ ಒಬ್ಬರು ಹಿರ್ಯಾರು ಇರಬೇಕ್ರಿ. ನೀವ ನಿಂದರ್ರಿ,” ಎಂದ. ಶಾಲೆಯ ಬಾಗಿಲಲ್ಲಿ ತಡವಾಗಿ ಬಂದವರನ್ನು ಹಿಡಿಯಲು ನಿಂತು ನಿಂತು ನನ್ನ ಮುಖ ಒಂದು ಬಗೆಯಲ್ಲಿ ಗಂಟು ಬಿದ್ದಿತ್ತು. ಮೊದಲ ವಾರ ನನ್ನನ್ನು ನೋಡಿದ ಕೆಲವರು ಟಿಕೀಟಿನ ಜೊತೆಗೆ ತಡವಾದುದಕ್ಕೆ ಕಾರಣವನ್ನೂ ಹೇಳುತ್ತಿದ್ದರು. ನಗುವುದನ್ನು ನಾನು ಅರವತ್ತನೆಯ ವಯಸ್ಸಿನಲ್ಲಿ ಕನ್ನಡಿಯ ಮುಂದೆ ನಿಂತು ಕಲಿತೆ. ನನ್ನಾಕೆ ಅಡುಗೆಮನೆಯಿಂದ ಅದನ್ನು ನೋಡಿ, “ಹಲ್ಲು ನೋಯ್ತಾವೇನ್ರಿ?” ಎಂದು ಕೇಳಿದಳು.

ಆದರೂ ಕೆಲಸ ಕೈ ಹಿಡಿಯಿತು. ನಮ್ಮ ಕಡೆಯ ಪದ್ಧತಿಯನ್ನೇ ಜಿನಗೌಡ ಬಾಗಿಲಿಗೆ ತಂದಿದ್ದ. ಬಿಸಿಲಿನಿಂದ ಬಂದವರಿಗೆ ಮೊದಲು ಒಂದು ಚೂರು ಬೆಲ್ಲ, ಆಮೇಲೆ ತಂಬಿಗೆ ನೀರು, ಆಮೇಲೆ ಮಿಕ್ಕ ಮಾತು. ಬೆಲ್ಲದ ತಾಟು ನನ್ನ ಕೈಯಲ್ಲಿ, ನೀರಿನ ತಂಬಿಗೆ ಸುರೇಖಾಳ ಕೈಯಲ್ಲಿ. ಸುರೇಖಾ ಕುಪವಾಡದಾಕೆ. ಅಲ್ಲಿನ ಕಾರಖಾನೆಯೊಂದರಲ್ಲಿ ಹತ್ತು ವರ್ಷ ಡಬ್ಬಿಗೆ ಮುಚ್ಚಳ ಹಾಕಿ ಬೇಸತ್ತು ಇಲ್ಲಿಗೆ ಬಂದವಳು. ನಲವತ್ತು ದಾಟಿದ್ದಾಳೆ, ಬಾಯಿ ಜೋರು, ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ನಾವಿಬ್ಬರೂ ಬಂದವರನ್ನೆಲ್ಲ, “ಬಂದ್ರಿ?” ಎಂದು ಕೇಳುತ್ತಿದ್ದೆವು.

ಈ ಪ್ರಶ್ನೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಮನುಷ್ಯ ಕಣ್ಣೆದುರಿಗೆ ನಿಂತಿದ್ದಾನೆ. ಬಂದಿದ್ದಾನೆಂಬುದರಲ್ಲಿ ಕೇಳುವವನಿಗೂ ಸಂಶಯವಿಲ್ಲ, ಬಂದವನಿಗೂ ಸಂಶಯವಿಲ್ಲ. ಆದರೂ ನಾವು ಕೇಳುತ್ತೇವೆ, ಅವನು ಗಂಭೀರವಾಗಿ “ಹೂಂ, ಬಂದ್ನಿ” ಎಂದು ಒಪ್ಪಿಕೊಳ್ಳುತ್ತಾನೆ. ತರ್ಕಶಾಸ್ತ್ರದವರು ನೋಡಿದರೆ ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿಯಾರು. ಇನ್ನೊಂದು ಸಂಗತಿಯೂ ಇದೆ. ಹಾಗೆ ಕೇಳಿ ‘ಒಳಗ ಬರ್ರಿ’ ಎನ್ನುವವರೆಗೆ ನಮ್ಮ ಹಳ್ಳಿಯ ಹಿರಿಯರು ತೆರೆದ ಬಾಗಿಲನ್ನೂ ದಾಟುವುದಿಲ್ಲ. ಚಪ್ಪಲಿ ಬಿಟ್ಟು, ಗೋಡೆ ನೋಡುತ್ತ, ಬೇರೆ ಯಾವುದೋ ಕೆಲಸಕ್ಕೆ ಬಂದವರಂತೆ ಹೊರಗೇ ನಿಲ್ಲುತ್ತಾರೆ. ಟಿಕೀಟು ತೆಗೆದವರೂ ನನ್ನ ಬಾಗಿಲಲ್ಲಿ ಹಾಗೆಯೇ ನಿಲ್ಲುತ್ತಿದ್ದರು.

ಈಗ ಬದಲಾವಣೆಯ ವಿಷಯ. ಜಿನಗೌಡನ ಮಗಳು ಪ್ರಣಾಲಿ ಪುಣೆಯಲ್ಲಿ ಓದಿ ಬಂದು ಪಾರ್ಕಿನ ಕಾರಭಾರ ವಹಿಸಿಕೊಂಡಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ಮಾತ್ರ ಮಧ್ಯೆ ಮಧ್ಯೆ ಮರಾಠಿಯ ಊರುಗೋಲು ಬೇಕು. ಒಂದು ದಿನ ನಮ್ಮನ್ನೆಲ್ಲ ಕೂಡಿಸಿ ಗೋಡೆಯ ಮೇಲೆ ಚಿತ್ರ ಬಿಟ್ಟು ಹೊಸ ಸ್ವಾಗತವನ್ನು ವಿವರಿಸಿದಳು. ಇನ್ನು ಮುಂದೆ ಬಾಗಿಲು ಒಂಬತ್ತೂವರೆಗೇ ತೆರೆಯುತ್ತದೆ. ಜನ ತಮ್ಮ ಮೊಬೈಲಿನಲ್ಲಿರುವ ಟಿಕೀಟನ್ನು ಒಂದು ಡಬ್ಬಿಗೆ ತೋರಿಸಿ ಒಳಗೆ ಬಂದು, ಕಾರಂಜಿಯ ಹತ್ತಿರ ಅಡ್ಡ ಕಟ್ಟಿದ ಹಗ್ಗದ ಹಿಂದೆ ನಿಲ್ಲಬೇಕು. ಹತ್ತಕ್ಕೆ ಸರಿಯಾಗಿ ಎಲ್ಲರೂ ಹತ್ತರಿಂದ ಒಂದರವರೆಗೆ ಹಿಂದೆ ಎಣಿಸಬೇಕು, ಹಗ್ಗ ಬೀಳಬೇಕು, ಎಲ್ಲರೂ ಓಡಬೇಕು. ಮಾತಿನ ಸ್ವಾಗತವನ್ನು ಮೂರು ಭಾಷೆಗಳಲ್ಲಿ ಧ್ವನಿವರ್ಧಕ ಹೇಳುತ್ತದೆ. ಬೆಲ್ಲ ಬಂದ್. ಅದಕ್ಕೆ ಇರುವೆ ಬರುತ್ತವೆ, ಸಕ್ಕರೆ ಕಾಯಿಲೆಯವರಿಗೆ ಮುಜುಗರವಾಗುತ್ತದೆ, ಒಬ್ಬರು ಮುಟ್ಟಿದ ತಾಟನ್ನು ಇನ್ನೊಬ್ಬರು ಮುಟ್ಟುತ್ತಾರೆ.

ನನಗೆ ಗೊಂದಲವಾದದ್ದು ಇಲ್ಲಿಯೇ. ಅವಳು ಹೇಳಿದ ಪ್ರತಿಯೊಂದೂ ಸರಿಯಾಗಿತ್ತು. ನನಗೂ ಸಕ್ಕರೆ ಕಾಯಿಲೆಯಿದೆ, ಇರುವೆಗಳನ್ನು ಮೂರು ವರ್ಷ ನಾನೇ ಊದಿ ಓಡಿಸಿದ್ದೆ. ಹಿಂದೆ ಎಣಿಸುವುದೊಂದನ್ನು ಬಿಟ್ಟರೆ ಆಕ್ಷೇಪಣೆಗೆ ನನಗೆ ಏನೂ ಸಿಗಲಿಲ್ಲ. ಶಾಲೆಯಲ್ಲಿ ನಾನು ಮುಂದೆ ಎಣಿಸಲು ಕಲಿಸಿದವನು.

“ಸರ, ನೀವು... ಮ್ಹಣಜೆ... ಹೊರಗ ಹೋಗು ಬಾಗಲಕ್ಕ ಬೇಕ್ರಿ,” ಎಂದಳು. ಮಧ್ಯಾಹ್ನ ಎರಡರಿಂದ ನಾನು ಹೋಗುವವರ ಬಾಗಿಲಲ್ಲಿ ಕುಳಿತು, ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ ಇರುವ ಮೂರು ಗುಂಡಿಗಳಲ್ಲಿ ಒಂದನ್ನು ಒತ್ತಿಸಬೇಕು. ಇಷ್ಟು ಹೇಳಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಕಾಲು ಮುಟ್ಟಿದವರ ಮೇಲೆ ಹೇಗೆ ಸಿಟ್ಟಾಗುವುದು? ಆಶೀರ್ವಾದ ಮಾಡಿ ಎದ್ದೆ. ಸಂಬಳವೂ ಅಷ್ಟೇ ಇತ್ತು, ಕುರ್ಚಿಯೂ ಬಂತು. ಹೋದದ್ದೆಂದರೆ ‘ಬರ್ರಿ’ ಎನ್ನುವುದೊಂದೇ. ಅದು ಹೋದರೆ ಬೆಳಿಗ್ಗೆ ಏಳಲು ನನಗೆ ಇನ್ನೊಂದು ಕಾರಣವಿಲ್ಲ ಎಂಬುದು ಆ ದಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಹೊಳೆಯಿತು.

ಕೆಲಸ ಎರಡಕ್ಕೆ, ಆದರೆ ಕಾಲು ಕೇಳಬೇಕಲ್ಲ. ಮರುದಿನವೂ ಒಂಬತ್ತೂವರೆಗೇ ಹೋಗಿ ರಸ್ತೆಯ ಆಚೆಯ ಚಹಾದ ಗಾಡಿಯ ಬಳಿ ನಿಂತೆ. ಜೇಬಿನಲ್ಲಿ ರೂಢಿಯಂತೆ ಬೆಲ್ಲ. ಅಲ್ಲಿಂದ ಹೊಸ ಸ್ವಾಗತವನ್ನು ನೋಡುತ್ತ ನೋಡುತ್ತ ನನ್ನ ಗೊಂದಲ ಹೆಚ್ಚುತ್ತಲೇ ಹೋಯಿತು. ಅತಿಥಿ ಎಂದರೆ ತಿಥಿ ನೋಡದೆ ಬರುವವನು ಎಂದು ನಾನು ಎಷ್ಟೋ ವರ್ಷ ಮಕ್ಕಳಿಗೆ ಬರೆಸಿದ್ದೇನೆ. ಈಗ ಅತಿಥಿಯ ಮೊಬೈಲಿನಲ್ಲಿ ತಿಥಿಯಷ್ಟೇ ಅಲ್ಲ, ತಾಸು ಮತ್ತು ನಿಮಿಷ ಕೂಡ ಇತ್ತು. ಹಾಗಾದರೆ ಅವನನ್ನು ಏನೆಂದು ಕರೆಯಬೇಕು? ಹಗ್ಗದ್ದು ಇನ್ನೊಂದು ತಮಾಷೆ. ಮೊದಲ ದಿನ ಎಣಿಕೆ ಮುಗಿದು ಹಗ್ಗ ಬಿದ್ದಾಗ ಮಕ್ಕಳೆಲ್ಲ ಕೂಗುತ್ತ ಓಡಿದವು. ಬೇಡಗದ ಕಡೆಯ ಒಬ್ಬ ಮುದುಕ ಮಾತ್ರ ಅಲ್ಲಿಯೇ ನಿಂತು, ಬಿದ್ದ ಹಗ್ಗವನ್ನು ಎತ್ತಿ, ಮಣ್ಣು ಝಾಡಿಸಿ, ಮೊಣಕೈಗೆ ಸುತ್ತಿ ಸುತ್ತಿ ಸಿಂಬಿ ಮಾಡಿ, ಕಾವಲುಗಾರನ ಕೈಗೆ ಕೊಟ್ಟು, “ಹಗ್ಗಾ ನೆಲದ ಮ್ಯಾಲ ಬಿಡಬ್ಯಾಡ್ರಿ, ಲಗೂನ ಹಾಳಾಗ್ತದ,” ಎಂದನಂತೆ. ಒಕ್ಕಲುತನದವರು ಬಂದ ದಿನವೆಲ್ಲ ಇದೇ ಆಗತೊಡಗಿ, ಕಾವಲುಗಾರ ಸಿಂಬಿಗಾಗಿ ಕೈ ಚಾಚಿಯೇ ನಿಲ್ಲುವುದನ್ನು ಕಲಿತ.

ಆದರೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಮೊಸಳೆ. ನಾನು ನಿಲ್ಲುತ್ತಿದ್ದ ಜಾಗದಲ್ಲಿಯೇ ಈಗ ಎರಡು ಕಾಲಿನ, ಹಸಿರು ಬಣ್ಣದ, ಆಳೆತ್ತರದ ಮೊಸಳೆಯೊಂದು ಕೈಬೀಸುತ್ತ ನಿಲ್ಲುತ್ತದೆ. ನೀರಿನ ಪಾರ್ಕಿಗೆ ನೀರಿನ ಪ್ರಾಣಿಯೇ ಇರಲೆಂದು ಪುಣೆಯ ಚಿತ್ರಗಾರರು ಆರಿಸಿದ್ದು. ಅವರು ಕೃಷ್ಣೆಯನ್ನು ನಕ್ಷೆಯಲ್ಲಿ ಮಾತ್ರ ನೋಡಿದ್ದರೆಂದು ಕಾಣುತ್ತದೆ. ಒಳಗಿರುವವಳು ಸುರೇಖಾ. ಅವಳಿಗೆ ಪ್ರಣಾಲಿ ಹಾಕಿದ ಕಟ್ಟಪ್ಪಣೆ ಒಂದೇ: ಮೊಸಳೆ ಮಾತಾಡಬಾರದು. ಮಾತಾಡಿದರೆ ಮಕ್ಕಳಿಗೆ ಒಳಗೆ ಮನುಷ್ಯರಿದ್ದಾರೆಂದು ತಿಳಿದು ಮಜಾ ಹೋಗುತ್ತದಂತೆ. ಸುರೇಖಾಳನ್ನು ಸುಮ್ಮನಿರು ಎನ್ನುವುದು ಎಂಥ ಶಿಕ್ಷೆಯೆಂದು ನನಗೆ ಗೊತ್ತಿತ್ತು. ಹೇಗಿದೆಯವ್ವಾ ಹೊಸ ಕೆಲಸ ಎಂದು ಕೇಳಿದಾಗ ಅವಳು, “ಒಳಗ ಭಾಳ ಸೆಕಿ ಐತ್ರಿ ಸರ. ಆದ್ರ ಒಂದ ಚಲೋ. ನಾ ನಗಬೇಕಾಗಿಲ್ಲ, ಅದಽ ನಗತಿರತದ,” ಎಂದಳು.

ಕಳೆದ ಗುರುವಾರ ಕೃಷ್ಣೆಯ ದಂಡೆಯ ಕಸಬೆ ಡಿಗ್ರಜದಿಂದ ಒಂದು ಟೆಂಪೋ ಬಂತು. ಇಪ್ಪತ್ತು ಜನ ಹೆಂಗಸರು, ಹೆಚ್ಚಿನವರು ಐವತ್ತು ದಾಟಿದವರು. ಬಾಗಿಲು ಹಾರು ಹೊಡೆದು ತೆರೆದಿತ್ತು, ಧ್ವನಿವರ್ಧಕ ಮೂರು ಭಾಷೆಗಳಲ್ಲಿ ಸ್ವಾಗತಿಸುತ್ತಿತ್ತು. ಅವರು ಟೆಂಪೋ ಇಳಿದು, ಸೆರಗು ಸರಿಮಾಡಿಕೊಂಡು, ನಾಲ್ಕು ಹೆಜ್ಜೆ ಬಂದು, ಮೊಸಳೆಯನ್ನು ನೋಡಿ ಒಮ್ಮೆಲೇ ನಿಂತರು. ಮೊಸಳೆ ಎರಡೂ ಕೈ ಬೀಸಿತು. ಇಪ್ಪತ್ತು ಜನರೂ ಎರಡು ಹೆಜ್ಜೆ ಹಿಂದೆ ಸರಿದರು.

“ಇದನ್ನ ನೋಡಾಕ ಇಲ್ಲಿತನಕಾ ಬರಬೇಕಾಗಿತ್ತೇನಽ?” ಎಂದಳು ಮುಂದಿದ್ದ ಅಜ್ಜಿ. “ನಮ್ಮ ಹೊಳಿ ದಂಡಿ ಮ್ಯಾಲ ದಿನಾ ಬಿಸಲ ಕಾಸ್ತಾ ಬಿದ್ದಿರತದ. ಅರಿವಿ ಒಗ್ಯಾಕ ಜೀಂವ ಕೈಯಾಗ ಹಿಡಕೊಂಡ ಹೋಗ್ತೀವಿ.”

ಆಡು-ನಾಯಿಗಳನ್ನು ಮೊಸಳೆ ಎಳೆದೊಯ್ದದ್ದನ್ನು ಕಂಡ ಊರಿನವರು ಅವರು. ಒಳಗೆ ಮನುಷ್ಯರಿದ್ದಾರೆಂದು ಅವರಿಗೆ ತಿಳಿಯದೆ ಇಲ್ಲ. ಆದರೂ ಬಾಗಿಲಲ್ಲಿ ಮೊಸಳೆ, ಕರೆಯುವವರು ಯಾರೂ ಇಲ್ಲ. ಹೆಂಗಸರು ಗೋಡೆ ನೋಡುತ್ತ ನಿಂತರು. ಐದು ನಿಮಿಷವಾಯಿತು, ಹತ್ತಾಯಿತು. ಮೇಲಿನ ಗಾಜಿನ ಕೋಣೆಯಿಂದ ಪ್ರಣಾಲಿ ಮತ್ತು ಜಿನಗೌಡ ನೋಡುತ್ತಿದ್ದರು. ಟೆಂಪೋದವನು, “ತಿರುಗಿಸಲೇನ್ರಿ?” ಎಂದು ಕೇಳಿದ್ದು ನನಗೂ ಕೇಳಿಸಿತು.

ಈಗ ನಿಮಗೊಂದು ನಾಚಿಕೆಯ ಮಾತು ಹೇಳಬೇಕು. ನಾನು ರಸ್ತೆ ದಾಟಿ ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅದು ನನ್ನ ಬಾಗಿಲಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಅವರು ತಿರುಗಿ ಹೋಗಲಿ ಎಂದು ನನ್ನ ಮನಸ್ಸು ಬಯಸುತ್ತಿತ್ತು. ಹೋದರೆ ಜಿನಗೌಡ ಕೆಳಗಿಳಿದು ಬಂದಾನು, ಸರ ತಪ್ಪಾತ್ರಿ ಎಂದಾನು, ಬೆಲ್ಲದ ತಾಟು ಮತ್ತೆ ನನ್ನ ಕೈಗೆ ಬಂದೀತು. ಮೂರು ವರ್ಷ ಎಲ್ಲರನ್ನೂ ಒಳಗೆ ಕರೆದವನು, ವರ್ಷಕ್ಕೊಮ್ಮೆ ಮನೆಯಿಂದ ಹೊರಬಿದ್ದ ಇಪ್ಪತ್ತು ಹೆಂಗಸರು ಬಾಗಿಲಿನಿಂದಲೇ ವಾಪಸು ಹೋಗಲೆಂದು ಚಹಾ ಕುಡಿಯುತ್ತ ಕಾಯುತ್ತಿದ್ದೆ. ಹಾಗೆ ಕಾಯುತ್ತಿರುವವನು ನಾನೇ ಎಂಬುದು ಆಗ ತಿಳಿಯಿತು. ಲೋಟ ಇಟ್ಟು ರಸ್ತೆ ದಾಟಿದೆ. ಹೆಂಗಸರ ಹಿಂದೆ ಹೋಗಿ ನಿಂತೆ, ಆದರೆ ಬಾಯಿ ಮಾತ್ರ ಏಳಲಿಲ್ಲ.

ಅಷ್ಟರಲ್ಲಿ ಮೊಸಳೆಯ ತಾಳ್ಮೆ ಮುಗಿಯಿತು.

“ಅವ್ವಾರ, ಯಾಕ ಬಿಸಲಾಗ ನಿಂತೀರಿ? ಬರ್ರಿ, ಒಳಗ ಬರ್ರಿ!” ಎಂದು ಅದು ಕುಪವಾಡದವರೆಗೆ ಕೇಳುವಂತೆ ಕೂಗಿತು.

ಅಜ್ಜಿ ಹಣೆಯ ಮೇಲೆ ಕೈಯಿಟ್ಟುಕೊಂಡು, “ಅಯ್ಯ, ಕರ್ಯಾಕ ಬರ್ತದಲ್ಲಽ ಇದಕ್ಕ! ನಮ್ಮ ಹೊಳ್ಯಾಂದು ಕರೀದಽ ಒಯ್ತದ, ಇದು ಕರದ ಒಯ್ತದ,” ಎಂದಳು. ಇಪ್ಪತ್ತು ಜನರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿ ಹತ್ತಿರ ಹೋಗಿ ಮೊಸಳೆಯ ದವಡೆ ಸವರಿ, “ಯಾರ ಮಗಳವ್ವಾ ನೀ?” ಎಂದು ಕೇಳಿದಳು. ಮೊಸಳೆ ತನ್ನ ತಂದೆಯ ಹೆಸರು, ಊರು, ಕೊಟ್ಟ ಮನೆ ಎಲ್ಲ ಹೇಳಿತು. ಎಲ್ಲರೂ ಅದರ ಹಸಿರು ಕೈ ಮುಟ್ಟಿ ಮುಟ್ಟಿ ಒಳಗೆ ಹೋದರು. ಅವರೊಳಗೊಬ್ಬಳು ಹೋಗುತ್ತ ಹೋಗುತ್ತ ಅದರ ಬಾಲ ತುಳಿಯದಂತೆ ಎತ್ತಿ ಪಕ್ಕಕ್ಕಿಟ್ಟಳು.

ಪ್ರಣಾಲಿ ಮೆಟ್ಟಿಲು ಇಳಿದು ಓಡಿಬಂದು, “ಯಾರು ಮಾತಾಡಿದ್ರು?” ಎಂದಳು. ನಾನು ಆಕಾಶ ನೋಡಿದೆ. ಮೊಸಳೆ ನಗುತ್ತಿತ್ತು, ಅದಕ್ಕೆ ಬೇರೆ ಮುಖವಿಲ್ಲ. ಪ್ರಣಾಲಿ ಒಳಗೆ ಹೋಗುತ್ತಿದ್ದ ಹೆಂಗಸರನ್ನು ನೋಡಿದಳು, ನನ್ನನ್ನು ನೋಡಿದಳು. “ಬರಂ... ಆಗ್ಲಿ, ನಾಳಿಂದನೂ ಮಾತಾಡ್ಲಿ,” ಎಂದು ಹೇಳಿ ಮೇಲೆ ಹೋದಳು.

ಅಲ್ಲಿಗೆ ನನ್ನ ಕೆಲಸ ನಿಜವಾಗಿಯೂ ಮುಗಿಯಿತು. ನನ್ನ ಮಾತು ಬಾಗಿಲಲ್ಲಿ ಉಳಿಯಿತು, ಆದರೆ ಅದಕ್ಕೆ ನಾನು ಬೇಕಾಗಿರಲಿಲ್ಲ. ಸಂತೋಷಪಡಬೇಕೋ ಅಳಬೇಕೋ, ಯಾವ ಗುಂಡಿ ಒತ್ತಬೇಕೋ ತಿಳಿಯದೆ ತೆರೆದ ಬಾಗಿಲಿನ ಹೊರಗೆ ಗೋಡೆ ನೋಡುತ್ತ ನಿಂತಿದ್ದೆ.

“ಸರ,” ಎಂದಿತು ಮೊಸಳೆ, ಈ ಸಲ ಮೆಲ್ಲಗೆ. “ಬಂದ್ರಿ?”

ಮೂರು ವರ್ಷದಲ್ಲಿ ಆ ಬಾಗಿಲಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕೇಳುವವನು ನಾನೇ ಆಗಿದ್ದೆನಲ್ಲ. ಒಂದು ತಿಂಗಳಿಂದ ದಿನಾ ಬರುತ್ತಿದ್ದೆ, ಬಂದಿರಲಿಲ್ಲ.

“ಹೂಂ ಅವ್ವಾ, ಬಂದ್ನಿ,” ಎಂದೆ. ನೋಡಿದರೆ ನನ್ನ ಎರಡೂ ಕೈಗಳು ನನ್ನನ್ನು ಕೇಳದೆಯೇ ಎದೆಯ ಮುಂದೆ ಜೋಡಿಸಿಕೊಂಡು ನಿಂತಿದ್ದವು.