ವಹಿವಾಟ ಇಲ್ಲ ಅಂದ ದಿನ

ಕಪಾಟು ಒರೆಸುವಾಗ ಹಳೆಯ ಕಾರ್ಬನ್ ಹಾಳೆಯೊಂದು ಸಿಕ್ಕಿತು. ಅದರ ಎಣ್ಣೆವಾಸನೆಗೆ ಪಕ್ಕದ ಹೊಲದ ಕಾಕಾ ನೆನಪಾದರು... ಜೊತೆಗೆ ಆ ದಿನದ ಹೆದರಿಕೆಯೂ.

ಅವತ್ತು ಎಂದಿನಂತೆ ಹಾಲು ಕಾಯಿಸಿ, ರೊಟ್ಟಿ ಬಡಿದು, ಇಚಲಕರಂಜಿಗೆ ಕೆಲಸದ ಮೇಲೆ ಹೊರಟ ಯಜಮಾನರಿಗೆ ಡಬ್ಬಿ ಕಟ್ಟಿ ಕಳಿಸಿದ್ದೆ. ನಮ್ಮ ಕಬ್ಬಿಗೆ ನೀರೆತ್ತುವ ಮೋಟಾರು ಹಿರಣ್ಯಕೇಶಿಯ ದಂಡೆಯಲ್ಲಿತ್ತು. ಅಲ್ಲಿಗೆ ಇದ್ದದ್ದು ಕಾಕಾನ ಹೊಲದ ಅಂಚಿನ ಒಂದೇ ಕಾಲುದಾರಿ. ಬದುವಿನ ಜಗಳದಲ್ಲಿ ಕಾಕಾ ಅದಕ್ಕೆ ಗೇಟು ಹಾಕಿ ಬೀಗ ಜಡಿದರು. ನಮ್ಮವರು ಗಡಹಿಂಗ್ಲಜದ ಕೋರ್ಟಿಗೆ ಹೋದರು. ಎರಡೂ ಮನೆಗಳ ಮಾತು ನಿಂತಿತು. ನನ್ನನ್ನು ಮಾತ್ರ ಕಾಕಾ ಮರಾಠಿಯಲ್ಲಿ ಸೊಸೆಗೆ ಅನ್ನುವಂತೆ ‘ಸೂನಬಾಯಿ’ ಎಂದೇ ಕರೆಯುತ್ತಿದ್ದರು.

ಜಾಗ ನೋಡಲು ಮರುದಿನ ಬರಬೇಕಿದ್ದ ಕೋರ್ಟ್ ಕಮಿಷನರ್, ಮಳೆ ಹೆಚ್ಚೀತೆಂದು ಅವತ್ತೇ ಬಂದುಬಿಟ್ಟರು. ಗೇಟಿನ ಬಳಿ ಕಾಕಾ ಕೈಕಟ್ಟಿ ನಿಂತಿದ್ದರು. ಕಮಿಷನರ್ ಕಾಗದದ ನಡುವೆ ಕಾರ್ಬನ್ ಇಟ್ಟು ನನ್ನನ್ನು ಮರಾಠಿಯಲ್ಲಿ ಕೇಳಿದರು:

“ಹ್ಯಾ ವಾಟೇವರ ತುಮಚೀ ವಹಿವಾಟ ಆಹೇ ಕಾ?”

ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು ನಾನು. ಈ ದಾರಿಯ ಮೇಲೆ ನಿಮ್ಮ ವಹಿವಾಟ ಇದೆಯೇ ಅಂತ ಕೇಳಿದ್ದು ತಿಳಿಯಿತು, ಆದರೆ ವಹಿವಾಟು ಎಂದರೆ ವ್ಯಾಪಾರ ಎಂದಷ್ಟೇ ಗೊತ್ತು. ಹೊಳೆದಂಡೆಯಲ್ಲಿ ನಾವೇನು ಅಂಗಡಿ ಇಟ್ಟಿದ್ದೇವೆಯೇ? “ನಾಹೀ ಸಾಹೇಬ, ಕಾಹೀಚ ನಾಹೀ” ಅಂದೆ, ಏನೇನೂ ಇಲ್ಲ ಅಂತ. ಸಿಸ್ಟರು ಕಲಿಸಿದ ದುಂಡನೆಯ ಅಕ್ಷರದಲ್ಲಿ ಸಹಿಯನ್ನೂ ಹಾಕಿದೆ. ಕಾಕಾ ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ತಮ್ಮ ಚಪ್ಪಲಿ.

ಮಧ್ಯಾಹ್ನ ಫೋನಿನಲ್ಲಿ ನಗುತ್ತಲೇ ಹೇಳಿದೆ. ಯಜಮಾನರು ನಗಲಿಲ್ಲ.

“ಏನ್ ಮಾಡಿದಿ? ಮರಾಠ್ಯಾಗ ವಹಿವಾಟ ಅಂದ್ರ ಹಾದು ಹೋಗೂ ರೂಢಿ. ಅದ ಇಲ್ಲಂದ್ರ ನಮಗ ದಾರೀನ ಇಲ್ಲ ಅಂದಂಗಾತು.”

ಅವರು ಬೈದಿದ್ದರೂ ಚೆನ್ನಾಗಿತ್ತು. ಫೋನು ಇಟ್ಟುಬಿಟ್ಟರು. ಬೆರಳಿಗೆ ಹತ್ತಿದ ಕಾರ್ಬನ್ನಿನ ನೀಲಿ ಕಲೆಯನ್ನು ಸಾಬೂನು ಹಚ್ಚಿ ತಿಕ್ಕಿದೆ, ಚರ್ಮ ಉರಿಯುವವರೆಗೆ. ಅತ್ತೆ ಮಾವ ಹಚ್ಚಿ ಬೆಳೆಸಿದ ಕಬ್ಬು, ನನ್ನ ಒಂದು ‘ನಾಹೀ’ಯಿಂದ... ಹೊರಗೆ ಬೈಕಿನ ಸದ್ದಾದರೆ ಯಜಮಾನರೇ ಬಂದರೆಂದು ಕಿಟಕಿಯಲ್ಲಿ ಇಣುಕುತ್ತಿದ್ದೆ. ಸಂಜೆ ಹಿತ್ತಲಿನ ಬಟ್ಟೆ ತೆಗೆಯಲು ಹೋದಾಗ ಬೇಲಿಯಾಚೆ ಗೇಟಿನ ಬಳಿ ಕಾಕಾ ಕಂಡರು. ಗೆದ್ದವರ ಮುಖ ನೋಡುವ ಧೈರ್ಯವಿರಲಿಲ್ಲ. ಒದ್ದೆ ಸೀರೆಯ ಮರೆಯಲ್ಲಿ ನಿಂತೆ.

ಕಾಕಾ ತೀರಿಕೊಂಡು ಈಗ ನಾಲ್ಕು ವರ್ಷ. ಅವರ ಮಣ್ಣಿಗೆ ಹೋದಾಗಲೂ ನಾನು ಹೆಂಗಸರ ಹಿಂದೆ ನಿಂತೇ ಬಂದೆ. ಹೇಳಬೇಕಾದದ್ದು ಬಾಯಲ್ಲೇ ಉಳಿಯಿತು. ಆ ಸಂಜೆಯೂ ಹಾಗೆಯೇ, ಮಾತಾಡಿದ್ದು ಅವರೊಬ್ಬರೇ. ಗೇಟಿನ ಬೀಗ ತೆಗೆಯುತ್ತಾ, ನನ್ನ ಕಡೆ ನೋಡದೆ ಅಂದರು:

“ಹೊಳಿ ಏರಾಕತ್ತೈತಿ, ಮೋಟಾರ ಮ್ಯಾಲ ತಗಸ್ರಿ ಅಂತ ನಿನ್ನ ಗಂಡಗ ಹೇಳು. ಆ ಸಾಹೇಬಗ ಫೋನ್ ಹಚ್ಚೇನಿ, ಹುಡುಗಿಗೆ ಮಾತ ತಿಳದಿಲ್ಲ, ಇನ್ನೊಮ್ಮೆ ಬಂದು ಕೇಳ್ರಿ ಅಂತ. ಕೇಸ ನಡೀಲಿ, ಅದು ಬ್ಯಾರೆ. ನೀ ಮಾತ್ರ ಒಂದೀಟ ಮರಾಠಿ ಕಲಿ, ಸೂನಬಾಯಿ. ಇಲ್ಲಾಂದ್ರ ಮುಂದಿನ ಸಲ ಮನೀನೂ ನನಗ ಬರದ ಕೊಟ್ಟಬಿಡ್ತಿ.”