ತೊಲೆಗೆ ಬೇಕಾದ ಸೊಂಟ

ಅರಸೀಕೆರೆಯ ಕೊಬ್ಬರಿ ವರ್ತಕರು ಸೇರಿ ಒಂದು ಕಮಿಟಿ ಮಾಡಿಕೊಂಡು, ಹಾರನಹಳ್ಳಿ ರಸ್ತೆಯಲ್ಲಿ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಕಟ್ಟಲು ಹೊರಟರು. ಎರಡಂತಸ್ತು, ಪೂರ್ತಿ ಉಕ್ಕಿನದು. ವಿನ್ಯಾಸ ಮಾಡಿಕೊಡಲು ನನ್ನನ್ನು ಕೇಳಿದರು. ಕೇಳಿದ್ದು ನಮ್ಮಪ್ಪನನ್ನು ಎಂದರೆ ಹೆಚ್ಚು ಸರಿ. ಅಪ್ಪ ಅದೇ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕಮಿಟಿಯ ಅರ್ಧ ಜನ ಅವರ ಕೈಯಲ್ಲಿ ಏಟು ತಿಂದವರೇ. ನಾನು ಇಪ್ಪತ್ತು ವರ್ಷದಿಂದ ಹಾಸನದಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ ಎನ್ನುವುದು ಆಮೇಲಿನ ಮಾತು.

ಭೂಕಂಪ ತಡೆದುಕೊಳ್ಳುವ ಹಾಗೆ ಮಾಡುತ್ತೇನೆ ಎಂದಾಗ ಕಮಿಟಿ ಅಧ್ಯಕ್ಷರು ನಕ್ಕರು. "ಹಳೇಬೀಡು ಗುಡಿ ಎಷ್ಟು ನೂರು ವರ್ಷದಿಂದ ನಿಂತೈತೆ. ನಮ್ಮ ಕಡೆ ಯಾವ ಭೂಕಂಪ ಬತ್ತದವ್ವಾ?"

ನನಗೆ ಮೂಗಿನ ತುದಿಯಲ್ಲೇ ಕೋಪ. "ಅಲ್ಲಿ ಮಲಗೋದು ದೇವರು. ಇಲ್ಲಿ ಮಲಗೋದು ನಿಮ್ಮ ಹೆಣ್ಣುಮಕ್ಕಳು" ಎಂದೆ. ಮತ್ತೆ ಯಾರೂ ನಗಲಿಲ್ಲ.

ಭೂಮಿ ನಡುಗಿದಾಗ ಕಟ್ಟಡ ಬರೀ ಗಟ್ಟಿಯಾಗಿದ್ದರೆ ಸಾಲದು, ಬಾಗಲು ಬರಬೇಕು. ಎಲ್ಲಿ ಬಾಗಬೇಕೆಂದು ನಾವೇ ಮೊದಲು ಹೇಳಿಟ್ಟಿರಬೇಕು. ಕಂಬಕ್ಕೂ ತೊಲೆಗೂ ಹಾಕಿದ ಬೆಸುಗೆ ಸೀಳಿದರೆ ಕತೆ ಮುಗಿಯಿತು. ಅದಕ್ಕೇ ಕಂಬದಿಂದ ಗೇಣು ದೂರದಲ್ಲಿ ತೊಲೆಯ ಅಂಚನ್ನು ಎರಡೂ ಬದಿ ಕಮಾನಿನಂತೆ ಕೊಯ್ದು ಅದರ ಸೊಂಟ ಸಣ್ಣ ಮಾಡುತ್ತೇವೆ. ದೊಡ್ಡ ಹೊಡೆತ ಬಂದರೆ ಆ ಸೊಂಟ ಬಳುಕಿ ತಾನು ಕೆಡುತ್ತದೆ, ಬೆಸುಗೆಯೂ ಕಂಬವೂ ಉಳಿಯುತ್ತವೆ. ಮನೆಯಲ್ಲಿ ಫ್ಯೂಸು ತಾನು ಸುಟ್ಟುಹೋಗಿ ವೈರನ್ನು ಉಳಿಸುವುದಿಲ್ಲವೇ, ಹಾಗೆ. ನಮ್ಮ ಕಟ್ಟಡದಲ್ಲಿ ಇಂಥ ಸೊಂಟಗಳು ಇಪ್ಪತ್ತನಾಲ್ಕಿದ್ದವು.

ಕಂಬ ತೊಲೆ ಎಲ್ಲ ಎದ್ದು ನಿಂತ ಮೇಲೆ ನಾನು ಒಂದು ತಿಂಗಳು ಬೇಲೂರಿನ ಇನ್ನೊಂದು ಕೆಲಸದಲ್ಲಿ ಸಿಕ್ಕಿಕೊಂಡೆ. ಬೆಳಗ್ಗೆ ವಾಕಿಂಗ್ ಹೋದಾಗ ಸೈಟಿನ ಮೇಲೊಂದು ಕಣ್ಣಿಡಿ ಎಂದು ಅಪ್ಪನಿಗೆ ಹೇಳಿದ್ದೆ. ತೊಲೆಗಳ ಮೇಲೆ ಕಾಂಕ್ರೀಟ್ ಸುರಿಯಲು ಕಮಿಟಿಯವರು ಸೋಮವಾರಕ್ಕೆ ಮುಹೂರ್ತ ಇಡಿಸಿದ್ದರು. ಶುಕ್ರವಾರ ಕೊನೆಯ ತಪಾಸಣೆಗೆ ಹೋಗಿ ಏಣಿ ಹತ್ತಿದೆ. ತೊಲೆಯ ಅಂಚಿನ ಮೇಲೆ ಕೈ ಸವರುತ್ತಾ ಹೋದರೆ ಸೊಂಟ ಸಿಗಲಿಲ್ಲ. ತಪ್ಪು ತೊಲೆ ಹಿಡಿದೆನೇನೋ ಎಂದು ಪಕ್ಕದ್ದಕ್ಕೆ ಹೋದೆ. ಅಲ್ಲೂ ಇಲ್ಲ. ಇಪ್ಪತ್ತನಾಲ್ಕೂ ಕಡೆ ತುಂಡು ಕಬ್ಬಿಣ ಕೂರಿಸಿ, ಬೆಸೆದು, ನುಣ್ಣಗೆ ಉಜ್ಜಿ ಬಣ್ಣ ಬಳಿದಿದ್ದರು. ಏಣಿಯ ಮೇಲೇ ತೊಲೆಯನ್ನು ತಬ್ಬಿಕೊಂಡು ನಿಂತೆ.

ಕೆಳಗಿದ್ದ ಜಾವಗಲ್ಲಿನ ವೆಲ್ಡರ್ ನನ್ನ ಮುಖ ನೋಡಿ ಹಿಗ್ಗಿದ. "ಹೆಂಗೈತಕ್ಕಾ ಕೆಲ್ಸ? ಎಲ್ಲಿ ಕೊಯ್ದಿತ್ತು ಅಂತ ತೋರ್ಸಿ ನೋಡಾನ!"

"ಯಾರಪ್ಪಾ ಇದನ್ನ ಮುಚ್ಚೋಕೆ ಹೇಳಿದ್ದು?"

"ಇನ್ಯಾರು, ಮೇಷ್ಟ್ರು. ಮಗಳು ಅಳತೆ ತಪ್ಪವ್ಳೆ, ಯಾರ್ಗೂ ಗೊತ್ತಾಗ್ದಂಗೆ ಮುಚ್ಚಾಕು ಅಂದ್ರು. ನಾನೂ ಅವರ ಹತ್ರ ಓದ್ದೋನೇ ಅಲ್ವ್ರಾ?"

ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಇನ್ನೊಮ್ಮೆ ಹೇಳಿಸಿದೆ.

ಮನೆಗೆ ಹೋಗಿ ಕೂಗಲು ಬಾಯಿ ತೆರೆದರೆ ಅಪ್ಪ ಮೊದಲು ಎದ್ದು ಬೀದಿ ಬಾಗಿಲು ಹಾಕಿದರು. "ಕೂಗಬೇಡ ಕಣೇ. ಆಗಿದ್ದು ಆಯ್ತು. ನನಗೂ ಅವನಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ" ಎಂದು ನನಗೇ ಸಮಾಧಾನ ಹೇಳಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮಪ್ಪನಿಗೆ ಹೆಗ್ಗಣ ಮಾಡದ ತಪ್ಪೂ ಮುದ್ದಾಗಿತ್ತು.

"ಒಂದು ಫೋನ್ ಮಾಡಿ ಕೇಳಬಾರದಿತ್ತಾ?"

"ಕೇಳಿದ್ರೆ ನೀನು ನೊಂದ್ಕೋತಿದ್ದೆ."

ನಾನು ಕೊಯ್ಯಿಸಿದ್ದು ತಪ್ಪಲ್ಲದೆಯೂ ಇರಬಹುದು ಎಂದು ಅವರಿಗೆ ಒಂದು ಗಳಿಗೆಯೂ ಹೊಳೆದಿರಲಿಲ್ಲ. ಕಟ್ಟಡ ಕೆಟ್ಟಿದ್ದಕ್ಕಿಂತ ಅದೇ ನನಗೆ ಹೆಚ್ಚು ಉರಿಯಿತು. ನಕ್ಷೆ ಹರಡಿ, ಸೊಂಟ ಏಕೆ ಬೇಕೆಂದು ಲೆಕ್ಕ ಬರೆದು ತೋರಿಸಿದೆ. ಗಣಿತದ ಮೇಷ್ಟ್ರಲ್ಲವೇ, ಹತ್ತು ನಿಮಿಷದಲ್ಲಿ ಹಿಡಿದರು. ಪೆನ್ಸಿಲು ಕೆಳಗಿಟ್ಟು, "ಹಾಗಾದ್ರೆ ಆ ಮಕ್ಕಳ ತಲೆ ಮೇಲೆ ನಾನು..." ಎಂದರು.

ಶನಿವಾರ ಬೆಳಗ್ಗೆ ಕಮಿಟಿ ಸೇರಿತು. ತುಂಬಿಸಿದ್ದನ್ನೆಲ್ಲ ಮತ್ತೆ ಕೊಯ್ದು ತೆಗೆಯಬೇಕು, ಕಾಂಕ್ರೀಟ್ ಮುಂದಕ್ಕೆ ಹೋಗಬೇಕು ಎಂದೆ. ತುಂಬಿಸಿದ್ದು ಯಾರೆಂದು ಮಾತ್ರ ಹೇಳಲಿಲ್ಲ. ಒಮ್ಮೆ ಕಾಂಕ್ರೀಟ್ ಬಿದ್ದರೆ ಆಮೇಲೆ ತೊಲೆಯ ಮೇಲಿನ ಅಂಚಿಗೆ ಕೈ ಹಾಕುವಂತಿರಲಿಲ್ಲ. ತಂತಿ ಬಾಗಿಸಿ ತೋರಿಸಿದೆ, ಬೇರೆ ಕಡೆ ಬೆಸುಗೆ ಸೀಳಿದ ಕಟ್ಟಡಗಳ ಫೋಟೋ ತೋರಿಸಿದೆ. ಒಂದು ಗಂಟೆ ಮಾತಾಡಿದೆ. ಅಧ್ಯಕ್ಷರು ತಲೆಯಾಡಿಸಿದರು. "ಗಟ್ಟಿಯಾಗಿರೋದನ್ನ ಯಾರಾದ್ರೂ ಕೊಯ್ತಾರೇನವ್ವಾ? ಮುಹೂರ್ತ ಬ್ಯಾರೆ ಇಟ್ಟಾಗೈತೆ. ಇರ್ಲಿ ಬಿಡು."

ಆಗ ಮೂಲೆಯಲ್ಲಿದ್ದ ಅಪ್ಪ ಎದ್ದು ನಿಂತರು. ಈಗ ನಿಜ ಹೇಳುತ್ತಾರೆ ಎಂದುಕೊಂಡೆ. ಅವರು ಕೈ ಮುಗಿದರು. "ನನ್ನ ಮಗಳು ಅಳತೆ ತಪ್ಪಿ ಹೆಚ್ಚು ಕಬ್ಬಿಣ ಹಾಕಿಸಿಬಿಟ್ಟಿದ್ದಾಳೆ. ಭಾರ ಜಾಸ್ತಿಯಾಗಿದೆ. ಒಪ್ಪಿಕೊಳ್ಳೋಕೆ ಅವಳಿಗೆ ನಾಚಿಕೆ. ದಯವಿಟ್ಟು ತೆಗೆಸೋಕೆ ಬಿಡಿ, ನಾನು ಕ್ಷಮೆ ಕೇಳ್ತೀನಿ."

ಮೇಷ್ಟ್ರು ಕೈ ಮುಗಿದದ್ದನ್ನು ನೋಡಿ ಕಮಿಟಿ ಕರಗಿಹೋಯಿತು. "ಅಯ್ಯೋ, ಹೆಣ್ಣುಮಗು, ಆಯ್ತದೆ ಬಿಡಿ ಸಾ" ಎಂದು ಅಧ್ಯಕ್ಷರು ಎರಡೇ ನಿಮಿಷದಲ್ಲಿ ಮುಹೂರ್ತ ಮುಂದಕ್ಕೆ ಹಾಕಿದರು. ನನಗಾಗ ನಲವತ್ತೆರಡು ವರ್ಷ. ನಿಜ ಹೇಳಲು ಎದ್ದೆ. ಹೇಳಿದ್ದರೆ ಒಪ್ಪಿಗೆ ಅಲ್ಲೇ ಬಿದ್ದುಹೋಗುತ್ತಿತ್ತು. ಹಲ್ಲು ಕಚ್ಚಿಕೊಂಡು ಕೂತೆ.

ಮಧ್ಯಾಹ್ನದ ಹೊತ್ತಿಗೆ ಗ್ಯಾಸ್ ಕಟರ್ ಉರಿಯುತ್ತಿತ್ತು. ಸೈಟಿನಿಂದ ಅಪ್ಪನೂ ನಾನೂ ಮನೆಗೆ ನಡೆದು ಹೊರಟೆವು. ರೈಲ್ವೆ ಗೇಟಿನ ಹತ್ತಿರ ತಡೆಯಲಾಗಲಿಲ್ಲ. "ಯಾಕಪ್ಪಾ ಸುಳ್ಳು ಹೇಳಿದ್ರಿ? ನಿಮಗೆ ಲೆಕ್ಕ ಅರ್ಥವಾಗಿತ್ತಲ್ಲ!" ಎಂದೆ.

ಅಪ್ಪ ನನ್ನ ಮುಖ ನೋಡಲಿಲ್ಲ.

"ನಿನ್ನ ಲೆಕ್ಕ ಅವರು ನಂಬಲ್ಲ ಕಣೇ. ನೀನು ತಪ್ಪು ಮಾಡಿದೆ ಅಂದ್ರೆ ತಕ್ಷಣ ನಂಬ್ತಾರೆ" ಎಂದರು. ಗೇಟು ದಾಟಿದ ಮೇಲೆ ಮೆಲ್ಲಗೆ, "ನಾನೇ ನಂಬಿದ್ನಲ್ಲ" ಎಂದರು.