ದರ್ಜಿಯಮ್ಮ ದೇವರಿಗೂ ಹೇಳದೆ ಬಿಟ್ಟದ್ದು

ದರ್ಜಿಯಮ್ಮನಿಗೆ ದೇವರ ಹತ್ತಿರ ಮುಚ್ಚುಮರೆ ಇರಲಿಲ್ಲ. ಹೊಲಿಗೆ ಮೆಷಿನ್ನಿನ ದಾರ ತುಂಡಾದರೆ "ಕರ್ತನೇ, ನೋಡಿದೆಯಾ?" ಎನ್ನುವಳು. ಕಳೆದುಹೋದ ಬಾಬಿನ್ ಮೇಜಿನಡಿ ಸಿಕ್ಕರೆ "ವಂದನೆ ಅಪ್ಪಾ" ಎನ್ನುವಳು. ಬಸ್ ಓಡಿಸುವ ಗಂಡ ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದ್ದಾಗ ಅವಳನ್ನು ಕುಸಿಯದಂತೆ ಹಿಡಿದು ನಿಲ್ಲಿಸಿದ್ದೂ ಇದೇ ಮಾತುಕತೆ. ಹಾಗಾಗಿ ಅವಳ ವಿಶ್ವಾಸದ ಬಗ್ಗೆ ಯಾರೂ ಹಗುರವಾಗಿ ಮಾತಾಡುವಂತಿರಲಿಲ್ಲ. ತೊಂದರೆ ಏನೆಂದರೆ, ಮನುಷ್ಯರಿಗೆ ಹೇಳಬೇಕಾದ್ದನ್ನೂ ಅವಳು ದೇವರಿಗೇ ಹೇಳುತ್ತಿದ್ದಳು, ಅದೂ ಅವರಿಗೆ ಕೇಳಿಸುವ ಹಾಗೆ.

ಊಟಕ್ಕೆ ಕುಳಿತರೆ ಗಂಡ ಕೈಮುಗಿದು, ತಟ್ಟೆಯ ಕಡೆ ಅರೆಗಣ್ಣು ಬಿಟ್ಟುಕೊಂಡು ಕಾಯಬೇಕು.

"ಕರ್ತನೇ, ಈ ಊಟಕ್ಕಾಗಿ ವಂದನೆ. ಒದ್ದೆ ಟವೆಲನ್ನ ಹಾಸಿಗೆ ಮೇಲೆ ಎಸೆಯೋರ ಮನಸ್ಸನ್ನ ನೀನೇ ತಿದ್ದು. ಅಡುಗೆಮನೆ ನಲ್ಲಿ ಸೋರ್ತಿರೋದು ಈ ಮನೇಲಿ ಕೆಲವರ ಕಣ್ಣಿಗೆ ಬೀಳ್ತಾನೇ ಇಲ್ಲ, ಆ ಕಣ್ಣು ತೆರೆಸು..."

ಊಟ ಆರುತ್ತಿತ್ತು, ಅವನ ಹೊಟ್ಟೆ ತಾಳ ಹಾಕುತ್ತಿತ್ತು. ಪ್ರಾರ್ಥನೆಗೆ ಎದುರುತ್ತರ ಕೊಡುವುದು ಹೇಗೆ? "ಆಮೆನ್" ಎಂದು ಉಂಡು, ಎದ್ದು ಹೋಗಿ ನಲ್ಲಿಗೆ ವಾಷರ್ ಹಾಕುತ್ತಿದ್ದ. ಪ್ರಾರ್ಥನೆ ಫಲಿಸಿತೆಂದು ಅವಳು ಹಿಗ್ಗುತ್ತಿದ್ದಳು.

ಈ ಚಾಳಿಯೇ ಕೊನೆಗೆ ಅವಳಿಗೆ ಮುಳುವಾಯಿತು. ಗಂಡನ ತಂಗಿ ಎರಡು ಬೀದಿ ಆಚೆ ಒಂಟಿಯಾಗಿದ್ದಳು, ಅಂಚೆ ಕಚೇರಿಯಲ್ಲಿ ಕೆಲಸ. ಇಪ್ಪತ್ತು ವರ್ಷಗಳಿಂದ ಭಾನುವಾರದ ಆರಾಧನೆ ಮುಗಿದ ಮೇಲೆ ಅವಳ ಊಟ ಇಲ್ಲೇ, ಕಿಟಕಿ ಪಕ್ಕದ ಕುರ್ಚಿ ಅವಳದೇ. ಅತ್ತಿಗೆ ನಾದಿನಿ ಸೇರಿದರೆ ಗಂಡನಿಗೆ ಬಾಯಿ ತೆರೆಯಲು ಸಂದು ಸಿಗುತ್ತಿರಲಿಲ್ಲ. ಕಚೇರಿಯಲ್ಲಿ ಅವಳಿಗೆ ಸನ್ಮಾನವೆಂದು ದರ್ಜಿಯಮ್ಮ ನೀಲಿ ಗೌನು ಹೊಲಿದುಕೊಟ್ಟಳು. ನಾದಿನಿ ಹೂಗುಚ್ಛ ತೆಗೆದುಕೊಳ್ಳಲು ಬಗ್ಗಿದ್ದೇ ತಡ, ಮೇಲಧಿಕಾರಿಯ ಮುಂದೆಯೇ ಅದು ಕಂಕುಳಿಂದ ಸೊಂಟದವರೆಗೆ ಪರ್ರನೆ ಬಿಟ್ಟುಕೊಂಡಿತು.

ಅಷ್ಟಕ್ಕೇ ಮುಗಿದಿದ್ದರೆ ನಕ್ಕು ಮರೆಯಬಹುದಿತ್ತು. ಆ ವಾರ ಚರ್ಚಿನ ಮಹಿಳಾ ಕೂಟದಲ್ಲಿ ದರ್ಜಿಯಮ್ಮ ಕಣ್ಣುಮುಚ್ಚಿ ಗಟ್ಟಿಯಾಗಿ ಬೇಡಿಕೊಂಡಳು: "ಕರ್ತನೇ, ದಿನದಿಂದ ದಿನಕ್ಕೆ ದಪ್ಪ ಆಗ್ತಿರೋ ನಮ್ಮ ಸಹೋದರಿಗೆ ಬಾಯಿ ಹತೋಟಿ ಕೊಡು." ಇಪ್ಪತ್ತು ಹೆಂಗಸರು ಒಕ್ಕೊರಲಿನಿಂದ "ಆಮೆನ್" ಎಂದರು. ದರ್ಜಿಯಮ್ಮ ಕಣ್ಣು ಬಿಡುವಷ್ಟರಲ್ಲಿ ಪಕ್ಕದಲ್ಲಿ ನಾದಿನಿಯ ಆಸನ ಖಾಲಿ.

ಆರು ಭಾನುವಾರ ಕಿಟಕಿ ಪಕ್ಕದ ಕುರ್ಚಿಯೂ ಖಾಲಿಯಾಗಿತ್ತು. ದರ್ಜಿಯಮ್ಮ ಅದರ ಮುಂದೆ ತಟ್ಟೆ ಇಟ್ಟು, ಊಟವಾದ ಮೇಲೆ ಹಾಗೇ ಎತ್ತಿಡುತ್ತಿದ್ದಳು. ಆದರೂ ಪ್ರತಿ ಊಟಕ್ಕೂ "ಅವಳ ಕಲ್ಲು ಮನಸ್ಸನ್ನ ಕರಗಿಸು ತಂದೆ" ಎಂದೇ ಬೇಡುತ್ತಿದ್ದಳು.

ಏಳನೆಯ ಭಾನುವಾರ ಗಂಡ ಬಾಯಿಬಿಟ್ಟ. "ತಂಗಿ ದೂರದ ಊರಿಗೆ ವರ್ಗ ಕೇಳಿ ಅರ್ಜಿ ಬರೆದಿಟ್ಟಿದ್ದಾಳೆ. ನಾಳೆ ಕೊಡ್ತಾಳಂತೆ."

ದರ್ಜಿಯಮ್ಮ ಗಾಬರಿಯಿಂದ ಕೈಮುಗಿದಳು. "ಕರ್ತನೇ, ಅವಳ..."

"ಇವತ್ತು ನಾನು ಮಾಡ್ತೀನಿ," ಎಂದ ಗಂಡ. ಮದುವೆಯಾದಾಗಿನಿಂದ ಅವನು ಆ ಮೇಜಿನ ಮುಂದೆ ಪ್ರಾರ್ಥಿಸಿದವನಲ್ಲ. "ಕರ್ತನೇ, ಹೋಗಬೇಕಾದೋಳು ಇಲ್ಲೇ ಕೂತಿದ್ದಾಳೆ. ದಾರಿ ಎರಡೇ ಬೀದಿ. ಅವಳು ಹೋಗಿ ಬರೋ ತನಕ ನಾನು ತುತ್ತು ಮುಟ್ಟಲ್ಲ. ಆಮೆನ್."

"ಇದೆಂಥಾ ಪ್ರಾರ್ಥನೆರೀ!" ಎಂದಳು. ಅವನು ಕಣ್ಣು ಬಿಡಲೇ ಇಲ್ಲ. ಪ್ರಾರ್ಥನೆಗೆ ಎದುರುತ್ತರ ಕೊಡುವುದು ಹೇಗೆ? ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಹೊರಟಳು.

ನಾದಿನಿ ಬಾಗಿಲು ತೆರೆದು, ಮುಖ ಊದಿಸಿಕೊಂಡು ನಿಂತಳು. ಹಿಂದೆ ಮೇಜಿನ ಮೇಲೆ ಮಡಿಸಿಟ್ಟ ಅರ್ಜಿ ಕಾಣುತ್ತಿತ್ತು. ದರ್ಜಿಯಮ್ಮ ಹೊಸ್ತಿಲಲ್ಲೇ ಕಣ್ಣು ಮುಚ್ಚಿದಳು. "ಕರ್ತನೇ, ನಮ್ಮಿಬ್ಬರ ನಡುವೆ..."

"ಕಣ್ಣು ಬಿಡಿ ಅತ್ತಿಗೆ," ಎಂದಳು ನಾದಿನಿ. "ಆತನ ಹತ್ರ ಆಮೇಲೆ ಮಾತಾಡಿ. ಈಗ ನನ್ನ ಹತ್ರ ಮಾತಾಡಿ."

ದರ್ಜಿಯಮ್ಮ ಕಣ್ಣು ಬಿಟ್ಟಳು. ಸೃಷ್ಟಿಕರ್ತನ ಹತ್ತಿರ ಅರ್ಧ ಗಂಟೆ ನಿಲ್ಲಿಸದೆ ಮಾತಾಡುವವಳಿಗೆ ಅಂಚೆ ಕಚೇರಿಯ ನಾದಿನಿಯ ಮುಂದೆ ನಾಲಿಗೆಯೇ ಏಳಲಿಲ್ಲ. ಟೇಪಿನ ತುದಿಯನ್ನು ತಿರುಚಿದಳು, ಬಿಚ್ಚಿದಳು, ಮತ್ತೆ ತಿರುಚಿದಳು.

"ನೀನು ದಪ್ಪ ಆಗಿರಲಿಲ್ಲ ಕಣೇ," ಎಂದಳು ಕೊನೆಗೆ. "ಅಳತೆ ಪುಸ್ತಕದಲ್ಲಿ ನಲವತ್ತು ಅಂತ ಬರೆದಿದ್ದೆ. ಮೂವತ್ತೆಂಟಕ್ಕೆ ಕತ್ತರಿಸಿಬಿಟ್ಟೆ. ಹೊಲಿಯೋವಾಗಲೇ ಗೊತ್ತಾಯ್ತು. ಬಟ್ಟೆ ಉಳಿದಿರಲಿಲ್ಲ, ಒಪ್ಪಿಕೊಳ್ಳೋಕೆ ನಾಚಿಕೆ ಆಯ್ತು. ಇದೊಂದನ್ನ ಆತನಿಗೂ ಹೇಳಿರಲಿಲ್ಲ. ತಪ್ಪಾಯ್ತು."

"ಆರು ವಾರದಿಂದ ಬರೀ ಸೌತೆಕಾಯಿ ತಿಂತಿದ್ದೀನಿ ಅತ್ತಿಗೆ!" ಎಂದು ನಾದಿನಿ ಕಿರುಚಿ, ಅಳುತ್ತಲೇ ನಗತೊಡಗಿದಳು. ದರ್ಜಿಯಮ್ಮನೂ ಅವಳನ್ನು ತಬ್ಬಿಕೊಂಡು ಅತ್ತಳು. ತಬ್ಬಿಕೊಂಡಿದ್ದಾಗಲೇ ಟೇಪು ಸುತ್ತಿ ಹಾಗೇ ಅಳತೆಯನ್ನೂ ತೆಗೆದಳು. "ಇಳಿದು ಹೋಗಿದ್ದೀಯಲ್ಲೇ! ಎಲ್ಲಿ, ಬರ್ಕೊಳ್ಳೋಕೆ ಒಂದು ಕಾಗದ ಕೊಡು."

ನಾದಿನಿ ಮೇಜಿನ ಮೇಲಿದ್ದ ಅರ್ಜಿಯನ್ನೇ ಮಗುಚಿ ಕೊಟ್ಟಳು.

ಇಬ್ಬರೂ ಬಂದಾಗ ಗಂಡ ಆರಿದ ತಟ್ಟೆಯ ಮುಂದೆ ಕೈಮುಗಿದೇ ಕುಳಿತಿದ್ದ. ನಾದಿನಿ ಕಿಟಕಿ ಪಕ್ಕದ ಕುರ್ಚಿ ಎಳೆದುಕೊಂಡಳು. ದರ್ಜಿಯಮ್ಮ ಪ್ರಾರ್ಥನೆಗೆ ಗಂಟಲು ಸರಿಮಾಡಿಕೊಂಡದ್ದು ಕೇಳಿ, ಇನ್ನರ್ಧ ಗಂಟೆ ಹೋಯಿತೆಂದು ಗಂಡ ನಿಟ್ಟುಸಿರುಬಿಟ್ಟ.

"ಕರ್ತನೇ, ನಿಂಗೆ ಮೊದಲೇ ಗೊತ್ತಿತ್ತು. ಈಗ ಇವಳಿಗೂ ಗೊತ್ತಾಯ್ತು. ಆಮೆನ್."